ಮೊಳೆಗೊಂದು ಗೋಡೆ, ಗೋಡೆಗೊಂದು ಸಾಲ

ನಮ್ಮಪ್ಪ ತೀರಿಕೊಂಡ ಮೇಲೆ ಆರು ವರ್ಷ ಊಟದ ಮೇಜಿನ ಕುರ್ಚಿಯ ಮೇಲೆ ಕೂತಿದ್ದರು. ಅಪ್ಪ ಅಂದರೆ ಅವರ ಫೋಟೋ, ತೇಗದ ಚೌಕಟ್ಟು, ಎರಡಡಿ ಎತ್ತರ. ಅಡ್ಯಾರಿನ ನಮ್ಮ ಬಾಡಿಗೆ ಮನೆಯ ಅಗ್ರಿಮೆಂಟಿನಲ್ಲಿ ಗೋಡೆಗೆ ಮೊಳೆ ಹೊಡೆಯಕೂಡದು ಅಂತ ಷರತ್ತಿತ್ತು. ಅಂಟಿಸುವ ಕೊಕ್ಕೆ ತಂದು ನೋಡಿದೆವು. ಎರಡನೇ ದಿನ ಮಧ್ಯಾಹ್ನ ಅಪ್ಪ ಕೆಳಗೆ ಬಿದ್ದರು, ಗಾಜು ಒಡೆಯಿತು. ಬದುಕಿದ್ದಾಗ ಒಂದು ದಿನ ಜಾರಿ ಬಿದ್ದವರಲ್ಲ, ಈಗ ಬೀಳಿಸಿದಿರಿ ಅಂತ ಅಮ್ಮ ಎರಡು ದಿನ ನಮ್ಮ ಜೊತೆ ಮಾತು ಬಿಟ್ಟಳು. ಹೊಸ ಗಾಜು ಹಾಕಿಸಿ ತಂದ ಮೇಲೆ ಅವಳೇ ಕುರ್ಚಿಯ ಮೇಲೆ ಇಟ್ಟಳು. ಅಲ್ಲಿಂದ ಅದು ಅವರ ಜಾಗವಾಯಿತು.

ಮನೆಯಲ್ಲಿ ನಾವು ಮೂವರು: ಅಮ್ಮ, ನಾನು, ನನ್ನ ಗಂಡ. ಕುರ್ಚಿ ನಾಲ್ಕು. ಆದ್ದರಿಂದ ಲೆಕ್ಕಕ್ಕೆ ಏನೂ ತೊಂದರೆ ಇರಲಿಲ್ಲ. ಯಾರಾದರೂ ಊಟಕ್ಕೆ ಬಂದರೆ ಮಾತ್ರ ಅಪ್ಪನನ್ನು ಎತ್ತಿ ಮಂಚದ ಮೇಲೆ ದಿಂಬಿಗೆ ಒರಗಿಸಿ, ಬಂದವರಿಗೆ ಆ ಕುರ್ಚಿ ಕೊಡುತ್ತಿದ್ದೆವು. ಅಮ್ಮ ಮಾತ್ರ ಅಪ್ಪ ಇಲ್ಲದಾಗಲೂ ಅದರಲ್ಲಿ ಕೂರುತ್ತಿರಲಿಲ್ಲ. ಬೇಕಾದರೆ ನಿಂತೇ ಊಟ ಮುಗಿಸುತ್ತಿದ್ದಳು.

ಅಮ್ಮ ಹುಟ್ಟಿದ್ದು ಈ ತಮಿಳು ಊರಿನಲ್ಲೇ, ಮದುವೆಯಾದದ್ದೂ ಇಲ್ಲೇ. ನಮ್ಮ ಮನೆಯ ಮೈಸೂರು ಕನ್ನಡಕ್ಕೆ ಮೂರು ತಲೆಮಾರಿನ ತಮಿಳು ಒಗ್ಗರಣೆ ಬಿದ್ದಿದೆ. ಮದುವೆಯಾದಾಗಿನಿಂದ ಅವಳು ಹದಿನಾಲ್ಕು ಬಾಡಿಗೆ ಮನೆ ಕಂಡವಳು. ಹದಿನಾಲ್ಕರಲ್ಲೂ ಮೊಳೆಗೆ ನಿಷೇಧ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿ, ದೇವರ ಪಟವನ್ನು ಸ್ಟೂಲಿನ ಮೇಲಿಟ್ಟು, ಕನ್ನಡಿಯನ್ನು ಬಚ್ಚಲ ನಲ್ಲಿಗೆ ಒರಗಿಸಿ ಅವಳು ಐವತ್ತು ವರ್ಷ ಸಂಸಾರ ಮಾಡಿದ್ದಾಳೆ. ಅಪ್ಪ ಕೋಡಂಬಾಕ್ಕಂನ ಒಂದು ಸ್ಟುಡಿಯೋದಲ್ಲಿ ಲೆಕ್ಕದ ಗುಮಾಸ್ತರಾಗಿದ್ದರು, ಕನ್ನಡ ಚಿತ್ರಗಳೂ ಅಲ್ಲೇ ತಯಾರಾಗುತ್ತಿದ್ದ ಕಾಲ. ಸಂಜೆ ಮನೆಗೆ ಬಂದು, ಸೆಟ್ಟಿನ ಗೋಡೆಗೆ ಎಷ್ಟು ಮೊಳೆ ಬೇಕಾದರೂ ಹೊಡೆಯಬಹುದು ಕಣೇ, ಯಾರೂ ಕೇಳಲ್ಲ, ಅಂತ ಅಮ್ಮನನ್ನು ರೇಗಿಸುತ್ತಿದ್ದರಂತೆ.

ಹೀಗಿರುವಾಗ ನಮ್ಮ ಮನೆ ಯಜಮಾನರು ಒಂದು ಬೆಳಿಗ್ಗೆ ಬಂದು, ಮನೆ ಕೆಡವಿ ಫ್ಲಾಟು ಕಟ್ಟಿಸಲು ಬಿಲ್ಡರಿಗೆ ಕೊಟ್ಟಿದ್ದೇನೆ, ನಾಲ್ಕು ತಿಂಗಳಲ್ಲಿ ಖಾಲಿ ಮಾಡಿ ಅಂದರು. ನಾನು ಸಿಟ್ಟಿನಲ್ಲಿ ಏನೋ ಹೇಳುವ ಮೊದಲೇ ಅಮ್ಮ, ಹೇಗೂ ಒಡೆಯುವ ಗೋಡೆ ತಾನೇ, ನಾಲ್ಕು ತಿಂಗಳ ಮಟ್ಟಿಗೆ ಒಂದು ಮೊಳೆ ಹೊಡೆದುಕೊಳ್ಳಲೇ ಅಂತ ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಬಹಳ ಹೊತ್ತು ಯೋಚಿಸಿದರು. ಖಾಲಿ ಮಾಡುವವರೆಗೆ ಅಗ್ರಿಮೆಂಟ್ ಅಗ್ರಿಮೆಂಟೇ ಅಂದರು. ಜೆಸಿಬಿ ತರಿಸಿ ಇಡೀ ಮನೆಯನ್ನೇ ಉರುಳಿಸಲು ಹೊರಟವರಿಗೆ ಒಂದು ಮೊಳೆಯ ತೂತು ಅಷ್ಟು ಭಾರವಾಗಿತ್ತು.

ಅವರು ಮೆಟ್ಟಿಲಿಳಿದು ಹೋದ ಮೇಲೆ ಅಮ್ಮ ಕುರ್ಚಿಯ ಪಕ್ಕ ನಿಂತು, “ಹದಿನೈದನೇದು ಬೇಡ ಕಣೇ. ಇನ್ನೊಬ್ಬರ ಗೋಡೆ ನಂಗೆ ಸಾಕಾಯ್ತು,” ಅಂದಳು. ಜೋರಾಗಿ ಹೇಳಲಿಲ್ಲ. ಅವಳು ಹಾಗೆ ಮೆಲ್ಲಗೆ ಹೇಳಿದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಅವಳಿಗೆ ಎಪ್ಪತ್ತಾರು. ಇನ್ನು ಯಾವಾಗ?

ಕೋಡಂಬಾಕ್ಕಂನಲ್ಲಿ ಹಳೆಯ ಸ್ಟುಡಿಯೋ ಜಾಗದಲ್ಲಿ ಎದ್ದ ಹೊಸ ಅಪಾರ್ಟ್‌ಮೆಂಟಿನಲ್ಲಿ ಒಂದು ಸಣ್ಣ ಫ್ಲಾಟು ನೋಡಿದೆವು. ನನ್ನ ಶಾಲೆ ಅಡ್ಯಾರಿನಲ್ಲಿ, ಗಂಡನ ಕಾರ್ಖಾನೆ ತಿರುವೊಟ್ಟಿಯೂರಿನಲ್ಲಿ. ಇಬ್ಬರಿಗೂ ಸಮಾನವಾಗಿ ದೂರ ಆಗುವ ಜಾಗ ಅದೊಂದೇ. ಅಪ್ಪ ಕೆಲಸ ಮಾಡಿದ್ದ ಸ್ಟುಡಿಯೋ ಇದೇನಾ ಅಂತ ಅಮ್ಮನಿಗೆ ಖಾತ್ರಿ ಇರಲಿಲ್ಲ, ಆದರೆ ಲಿಫ್ಟಿನೊಳಗೆ ನಿಂತು ಇದೇ ಅಂತ ತೀರ್ಮಾನ ಮಾಡಿಬಿಟ್ಟಳು. ಮುಂಗಡ ಕೊಟ್ಟೆವು. ಅರವತ್ತು ದಿನದಲ್ಲಿ ಉಳಿದ ಹಣ ಕೊಡಬೇಕು, ಇಲ್ಲದಿದ್ದರೆ ಮುಂಗಡವೂ ಇಲ್ಲ, ಮನೆಯೂ ಇಲ್ಲ. ಮುಂಗಡಕ್ಕೆ ಅಮ್ಮನ ಎರಡು ಬಳೆ, ಅಪ್ಪನ ಪಿಎಫ್ ದುಡ್ಡು ಎರಡೂ ಹೋಗಿದ್ದವು. ಉಳಿದದ್ದಕ್ಕೆ ಸಾಲ ಮಾಡಬೇಕು.

ನಾನು ಎಂಟನೇ ಕ್ಲಾಸಿನ ಮಕ್ಕಳಿಗೆ ಚಕ್ರಬಡ್ಡಿ ಕಲಿಸುವವಳು. ಹತ್ತೊಂಬತ್ತು ವರ್ಷದಿಂದ ಅದೇ ಸೂತ್ರ ಬೋರ್ಡಿನ ಮೇಲೆ ಬರೆದಿದ್ದೇನೆ. ಗೃಹಸಾಲದ ಲೆಕ್ಕ ನನಗೆ ಎಡಗೈ ಕೆಲಸ ಅಂದುಕೊಂಡು ಮೂರು ಕಡೆ ಹೋಗಿ ವಿಚಾರಿಸಿಕೊಂಡು ಬಂದೆ. ಅಮ್ಮನೂ ಜೊತೆಗೆ ಬಂದಳು, ಮೂರಕ್ಕೂ ತಾನೇ ಹೆಸರಿಟ್ಟಳು. ಮೊದಲನೆಯದು ಕಾಫಿ ಬ್ಯಾಂಕು. ನಿಜಕ್ಕೆ ಅದು ಫೈನಾನ್ಸ್ ಕಂಪನಿ, ಆದರೆ ಹೋದ ತಕ್ಷಣ ಕಾಫಿ ಕೊಟ್ಟರು. ಎರಡನೆಯದು ಗಾಜಿನ ಬಾಗಿಲಿನ ಬ್ಯಾಂಕು, ಅಲ್ಲಿ ಬಾಗಿಲು ಇರುವುದೇ ಕಾಣದೆ ನನ್ನ ಗಂಡ ಹಣೆ ಬಡಿದುಕೊಂಡರು. ಮೂರನೆಯದು ದಾರದ ಪೆನ್ನಿನ ಬ್ಯಾಂಕು, ಕೌಂಟರಿಗೆ ಪೆನ್ನನ್ನು ಸಣಬಿನ ದಾರದಿಂದ ಕಟ್ಟಿಹಾಕಿದ್ದರು. ನಮ್ಮನ್ನು ಕಳ್ಳರು ಅಂದುಕೊಂಡವರ ಹತ್ತಿರ ಸಾಲ ಯಾಕೆ ತಗೋಬೇಕು ಅಂತ ಅಮ್ಮ ಅದನ್ನು ಅಲ್ಲೇ ತಳ್ಳಿಹಾಕಿದಳು.

ಮನೆಗೆ ಬಂದು ಹಳೆಯ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಗೆರೆ ಎಳೆದು ಮೂರನ್ನೂ ಹೋಲಿಸಲು ಕೂತೆ. ಒಬ್ಬರು ಲಕ್ಷಕ್ಕೆ ತಿಂಗಳಿಗೆ ಇಷ್ಟು ಅಂದಿದ್ದರು. ಇನ್ನೊಬ್ಬರು ವರ್ಷಕ್ಕೆ ಶೇಕಡಾ ಇಷ್ಟು ಅಂದಿದ್ದರು. ಕಾಫಿ ಬ್ಯಾಂಕಿನವಳು, ದಿನಕ್ಕೆ ನಿಮ್ಮ ಮನೆಯ ತರಕಾರಿ ಖರ್ಚಿಗಿಂತ ಸ್ವಲ್ಪವೇ ಜಾಸ್ತಿ ಅಂದಿದ್ದಳು. ಪ್ರೊಸೆಸಿಂಗ್ ಫೀಸು ಒಬ್ಬರಲ್ಲಿ ಶೇಕಡಾವಾರು, ಒಬ್ಬರಲ್ಲಿ ಇಡಿಗಂಟು, ಇನ್ನೊಬ್ಬರಲ್ಲಿ ಹಬ್ಬದ ಪ್ರಯುಕ್ತ ಮಾಫಿ. ಯಾವ ಹಬ್ಬ ಅಂತ ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ವಕೀಲರು ಕಾಗದ ನೋಡುವುದಕ್ಕೆ ಫೀಸು, ಎಂಜಿನಿಯರ್ ಮನೆ ನೋಡುವುದಕ್ಕೆ ಫೀಸು, ಮನೆಯ ಪತ್ರ ಬ್ಯಾಂಕಿನಲ್ಲಿ ಒತ್ತೆ ಇಟ್ಟದ್ದನ್ನು ರಿಜಿಸ್ಟರ್ ಮಾಡುವುದಕ್ಕೆ ಖರ್ಚು, ನಾವು ಸತ್ತರೆ ಅಂತ ಒಂದು ವಿಮೆ, ಇಷ್ಟೂ ಮುಗಿದ ಮೇಲೆ ಪ್ರತಿಯೊಂದರ ಮೇಲೂ ತೆರಿಗೆ. ಮೂಗಿಗಿಂತ ಮೂಗುತಿ ಭಾರ. ಮೂರು ವಾರ ಗುಣಿಸಿ ಭಾಗಿಸಿ ಮೂರು ಸಲ ಮೂರು ಬೇರೆ ಬೇರೆ ಉತ್ತರ ಬಂತು. ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಹಾಗೆ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಆಗ ಸಿಕ್ಕಿದವನು ಏಜೆಂಟು. ಪಕ್ಕದ ಮನೆಯವರಿಗೆ ಸಾಲ ಮಾಡಿಸಿಕೊಟ್ಟವನು, ಮೂವತ್ತೈದರ ಆಸುಪಾಸು, ನಡುನೆತ್ತಿಯ ಕೂದಲು ಆಗಲೇ ಉದುರಿತ್ತು. ಬಾಗಿಲಲ್ಲಿ ನಿಂತು, “ಎಂತ ಟೆನ್ಷನ್ ಮಾಡ್ಬೇಡಿ ಮೇಡಂ, ಎಲ್ಲ ನಾನು ಮಾಡಿಸಿ ಕೊಡ್ತೇನೆ,” ಅಂತ ಕರಾವಳಿಯ ಕನ್ನಡದಲ್ಲಿ ಅಂದ. ಅಷ್ಟೇ ಸಾಕಾಯಿತು. ಈ ಊರಿನಲ್ಲಿ ಬೆಳೆದ ಕನ್ನಡದವರ ದೌರ್ಬಲ್ಯ ಒಂದಿದೆ. ಬಸ್ಸಿನಲ್ಲಿ ಯಾರೋ ಫೋನಿನಲ್ಲಿ ಕನ್ನಡ ಮಾತಾಡಿದರೆ ನಮ್ಮ ಸ್ಟಾಪು ದಾಟಿದರೂ ಕೇಳುತ್ತಾ ಕೂರುತ್ತೇವೆ. ಕನ್ನಡದಲ್ಲಿ ಮಾತಾಡುವವನು ಮೋಸ ಮಾಡಲಾರ ಅನ್ನುವುದು ನಮ್ಮ ಮನೆಯ ಸಿದ್ಧಾಂತ. ಕರ್ನಾಟಕದಲ್ಲಿ ಹುಟ್ಟಿ ಬೆಳೆದ ನನ್ನ ಗಂಡ ಮಾತ್ರ ಇದನ್ನು ಕೇಳಿದಾಗಲೆಲ್ಲ ನಗುತ್ತಾರೆ. ಅವರು ಹಾಸನದ ಕಡೆಯವರು, ಅಲ್ಲಿ ಮೋಸ ಮಾಡಿದವರೆಲ್ಲ ಕನ್ನಡದಲ್ಲೇ ಮಾಡಿದ್ದು.

ಅಮ್ಮ ಅವನನ್ನು ಕೂರಿಸಿ ಮೊದಲು ಕೇಳಿದ್ದೇ, ನಿಮ್ಮ ತರಗು ಎಷ್ಟಪ್ಪಾ ಅಂತ. ನನ್ನ ಗಂಡ ಬಾಲ್ಕನಿಯ ಕಡೆ ತಿರುಗಿ ನೋಡಿದರು, ಅಲ್ಲಿ ಬಾದಾಮಿ ಮರದ ಒಣಗಿದೆಲೆ ರಾಶಿ ಬಿದ್ದಿತ್ತು. ಅವರ ಊರಿನಲ್ಲಿ ತರಗು ಅಂದರೆ ಅದೇ. ಇಲ್ಲಿಯ ತಮಿಳಿನಲ್ಲಿ ಅದು ದಲ್ಲಾಳಿ, ಕಮಿಷನ್ನು. ನಮ್ಮ ಮನೆಯಲ್ಲಿ ಕನ್ನಡ ಮಾತಾಡುವಾಗಲೂ ಹಾಗೇ ಅನ್ನುತ್ತೇವೆ. ಏಜೆಂಟ್ ಕಿವಿ ಮುಚ್ಚಿಕೊಂಡು, ಒಂದು ಪೈಸೆ ಬೇಡ ಅಮ್ಮ, ನನಗೆ ಕೊಡುವುದನ್ನು ಬ್ಯಾಂಕಿನವರು ಕೊಡುತ್ತಾರೆ, ನಿಮಗೆ ಎಲ್ಲ ಫ್ರೀ ಅಂದ.

ಅವನು ಹೋದ ಮೇಲೆ ಅಮ್ಮನಿಗೆ ಸಮಾಧಾನವಿಲ್ಲ. ಬಿಟ್ಟಿ ಕೆಲಸ ಮಾಡಿಸಿಕೊಂಡರೆ ಋಣ ಉಳಿಯುತ್ತದೆ, ಮುಂದಿನ ಜನ್ಮದಲ್ಲಿ ಅವನ ಮನೆಯಲ್ಲಿ ಪಾತ್ರೆ ತೊಳೆಯಬೇಕಾಗುತ್ತದೆ ಅಂತ ಅವಳ ಲೆಕ್ಕ. ದುಡ್ಡು ಬೇಡ ಅಂದವನಿಗೆ ಊಟ ಹಾಕಲೇಬೇಕು. ಆವತ್ತಿನಿಂದ ಅವನು ಒಂದು ಸಹಿಗೆ ಬಂದರೆ ಒಂದು ಊಟ, ಒಂದು ಜೆರಾಕ್ಸಿಗೆ ಬಂದರೆ ಒಂದು ಊಟ. ಅಪ್ಪ ಎದ್ದು ಮಂಚಕ್ಕೆ ಹೋಗುತ್ತಿದ್ದರು, ಅವನು ಕುರ್ಚಿಗೆ ಬರುತ್ತಿದ್ದ. ಸಹಿಗಳು ಕ್ರಮೇಣ ಒಂದೊಂದೇ ಬರತೊಡಗಿದವು. ಒಂದು ಫಾರಮ್ಮಿನ ಮೊದಲ ಪುಟಕ್ಕೆ ಸೋಮವಾರ, ಎರಡನೇ ಪುಟಕ್ಕೆ ಗುರುವಾರ. ಹುಳಿಯ ದಿನಗಳನ್ನು ಅವನು ಗುರುತು ಹಾಕಿಕೊಂಡಿದ್ದ ಅಂತ ಈಗಲೂ ನನಗೆ ಅನುಮಾನ.

ಅವನ ಒಲವೆಲ್ಲ ಕಾಫಿ ಬ್ಯಾಂಕಿನ ಮೇಲೆ. ಬಡ್ಡಿ ಅಲ್ಲೇ ಕಡಿಮೆ, ಬೇಗ ಆಗುತ್ತದೆ ಅಂತ ಅರ್ಜಿ ಹಾಕಿಸಿದ. ಅರ್ಜಿ ಹಾಕುವುದಕ್ಕೂ ಒಂದು ಫೀಸು ಇತ್ತು, ಕಟ್ಟಿದೆವು. ಒಂದು ವಾರದ ಮೇಲೆ, ನಾವಿಬ್ಬರೂ ಕೆಲಸಕ್ಕೆ ಹೋಗಿದ್ದಾಗ, ಅವರ ಕಡೆಯಿಂದ ನಾವಿರುವ ಮನೆಯ ಪರಿಶೀಲನೆಗೆ ಒಬ್ಬ ಬಂದ. ಆಗ ನಡೆದದ್ದನ್ನು ಅಮ್ಮನೇ ಸಂಜೆ ಖುಷಿಯಾಗಿ ವರದಿ ಮಾಡಿದಳು. ವೀಟ್ಲ ಎತ್ತನೆ ಪೇರು, ಮನೆಯಲ್ಲಿ ಎಷ್ಟು ಜನ ಅಂತ ತಮಿಳಿನಲ್ಲಿ ಕೇಳಿದನಂತೆ. ನಾಲು ಪೇರು, ನಾಲ್ಕು ಜನ ಅಂದಳಂತೆ. ಮನೆಯ ಹಿರಿಯರು ಇದ್ದಾರಾ ಅಂದದ್ದಕ್ಕೆ, ಇದ್ದಾರೆ, ಒಳಗೆ ಕೂತಿದ್ದಾರೆ ಅಂದಳಂತೆ. ಅವನು ಷೂ ಬಿಚ್ಚಲು ಸೋಮಾರಿತನ ಮಾಡಿ ಬಾಗಿಲಲ್ಲೇ ಬರೆದುಕೊಂಡು ಹೋದ.

ನಾಲ್ಕನೇ ದಿನ ಕಾಫಿ ಬ್ಯಾಂಕಿನಿಂದ ಪತ್ರ ಬಂತು. ಮನೆಯಲ್ಲಿರುವ ನಾಲ್ಕನೆಯ ಸದಸ್ಯರನ್ನು ಅರ್ಜಿಯಲ್ಲಿ ಮರೆಮಾಚಲಾಗಿದೆ, ಅವರ ಪ್ಯಾನ್ ಕಾರ್ಡು, ಆಧಾರ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು ಕಳಿಸಬೇಕು, ಅವರ ಹೆಸರಿನಲ್ಲಿ ಬೇರೆ ಸಾಲ ಇದೆಯೇ ತಿಳಿಸಬೇಕು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಯಾಕಮ್ಮಾ ನಾಲ್ಕು ಅಂದೆ ಅಂತ ಕೂಗಾಡಿದೆ. ಅವಳು ಕುರ್ಚಿಯ ಕಡೆ ನೋಡಿ, ಮತ್ತೆ ಎಷ್ಟು ಅನ್ನಲಿ ಅಂದಳು. ಮೂರು ಅಂತ ಅವಳ ಬಾಯಿಂದ ಆರು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ ಅನ್ನುವುದು ಆಗ ಹೊಳೆಯಿತು. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಇದನ್ನು ನಗುತ್ತಾ ಹೇಳಲು ಶುರುಮಾಡಿದವಳು ಅಳುತ್ತಾ ಮುಗಿಸಿದೆ.

ಮರಣಪತ್ರ ಕಳಿಸಿದೆವು. ಸತ್ತವರು ಕೂತಿರುವುದು ಹೇಗೆ ಅಂತ ಮರುಪ್ರಶ್ನೆ ಬಂತು. ಕೊನೆಗೆ ಏಜೆಂಟೇ ಕರೆದುಕೊಂಡು ಹೋಗಿ ನೋಟರಿಯ ಮುಂದೆ ಛಾಪಾಕಾಗದದ ಮೇಲೆ ಬರೆಸಿದ: ಕುರ್ಚಿಯ ಮೇಲೆ ಇರುವುದು ನನ್ನ ದಿವಂಗತ ತಂದೆಯ ಭಾವಚಿತ್ರ ಮಾತ್ರ, ಸದರಿ ಭಾವಚಿತ್ರಕ್ಕೆ ಆದಾಯವಾಗಲೀ ಸಾಲವಾಗಲೀ ಇರುವುದಿಲ್ಲ. ಸದರಿ ಫೋಟೋದ ಒಂದು ಫೋಟೋ ಲಗತ್ತಿಸಬೇಕಲ್ಲ ಅಂತ ನೋಟರಿ ಗಂಭೀರವಾಗಿ ಕೇಳಿದರು. ಲಗತ್ತಿಸಿದೆವು. ಇದನ್ನೆಲ್ಲ ಮತ್ತೆ ಪರಿಶೀಲಿಸಿದ್ದಕ್ಕೆ ಕಾಫಿ ಬ್ಯಾಂಕು ಇನ್ನೊಂದು ಫೀಸು ಹಾಕಿತು. ಅರವತ್ತರಲ್ಲಿ ಉಳಿದದ್ದು ಹತ್ತೊಂಬತ್ತು ದಿನ.

ಆ ಶನಿವಾರ ಅಮ್ಮ ನನ್ನನ್ನು ಬಾಳೆ ಎಲೆ ತರಲು ಕಳಿಸಿದಳು. ಹಬ್ಬವೇನೂ ಇರಲಿಲ್ಲ. ಯಾಕೆ ಅಂತ ಕೇಳಿದರೆ, ಆ ಹುಡುಗನಿಗೆ ನಾಳೆ ಎಲೆ ಹಾಕಬೇಕು, ತಟ್ಟೆ ಮುಂದೆ ಏನು ಬೇಕಾದರೂ ಮಾತಾಡಬಹುದು ಅಂದಳು. ನಮ್ಮ ಮನೆಯಲ್ಲಿ ಎಲೆಯ ಮುಂದೆ ಕೂತು ಸುಳ್ಳು ಹೇಳುವ ಹಾಗಿಲ್ಲ. ಅಪ್ಪ ಈ ನಿಯಮಕ್ಕೆ ಹೆದರಿಯೇ ಹಬ್ಬದ ದಿನ ಮಾತಿಲ್ಲದೆ ಊಟ ಮಾಡುತ್ತಿದ್ದರು.

ಭಾನುವಾರ ಏಜೆಂಟ್ ಬಂದ. ಅಪ್ಪ ಮಂಚಕ್ಕೆ ಹೋದರು. ಅಮ್ಮ ಎಲೆಯ ತುದಿಗೆ ಉಪ್ಪು ಹಾಕಿ, ಕೋಸಂಬರಿ, ಪಲ್ಯ, ಗೊಜ್ಜು ಬಡಿಸಿ, ಅನ್ನ ತೊವ್ವೆ ಹಾಕಿ, ಅವನು ಮೊದಲ ತುತ್ತು ಬಾಯಿಗಿಡುವ ತನಕ ಕಾದಳು. ಆಮೇಲೆ ತುಪ್ಪದ ಮಿಳ್ಳೆ ಹಿಡಿದು ಎದುರಿಗೆ ನಿಂತಳು.

“ಎಲೆ ಮುಂದೆ ಕೂತಿದೀಯ. ಉಪ್ಪು ತಿಂದಾಯ್ತು. ಈಗ ನಿಜ ಹೇಳಪ್ಪಾ. ಯಾವ ಬ್ಯಾಂಕು ನಿಂಗೆ ಎಷ್ಟು ತರಗು ಕೊಡತ್ತೆ?”

ಅವನ ಕೈ ಅನ್ನದಲ್ಲೇ ನಿಂತಿತು. ನನ್ನ ಕಡೆ ನೋಡಿದ, ನನ್ನ ಗಂಡನ ಕಡೆ ನೋಡಿದ, ಮಂಚದ ಮೇಲೆ ಒರಗಿದ್ದ ಅಪ್ಪನ ಕಡೆಯೂ ನೋಡಿದ. ಯಾರೂ ನೆರವಿಗೆ ಬರಲಿಲ್ಲ. ಮಿಳ್ಳೆ ಹಾಗೇ ಗಾಳಿಯಲ್ಲಿ ಓರೆಯಾಗಿ ನಿಂತಿತ್ತು, ತುಪ್ಪ ಬೀಳುತ್ತಿರಲಿಲ್ಲ.

ಕಾಫಿ ಬ್ಯಾಂಕು ಜಾಸ್ತಿ ಕೊಡುತ್ತದೆ, ವಿಮೆ ಮಾಡಿಸಿದರೆ ಅದರಲ್ಲೂ ಒಂದು ಪಾಲು ಅಂದ. ಒಂದು ಮಿಳ್ಳೆ ತುಪ್ಪ ಬಿತ್ತು. ಗಾಜಿನ ಬಾಗಿಲಿನವರು ಅದರ ಅರ್ಧ. ಇನ್ನೊಂದು ಮಿಳ್ಳೆ. ದಾರದ ಪೆನ್ನಿನವರು? ಅವನು ತಲೆ ತಗ್ಗಿಸಿ, ಅಲ್ಲಿಗೆ ನೀವು ನೇರ ಹೋದರೆ ಆಯಿತು, ನನಗೆ ಎಂತದೂ ಸಿಗುವುದಿಲ್ಲ ಅಂದ. ನನ್ನ ಗಂಡ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಅನ್ನುವವರು, ಅಂತೂ ತರಗು ಎಲೆ ಮೇಲೇ ಬಂತು ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಮೂರು ವಾರ ಲೆಕ್ಕ ಹಾಕಿದ ಕಾಗದಗಳನ್ನು ತಂದು ಅವನ ಎಲೆಯ ಪಕ್ಕ ಹಾಕಿ, ಹಾಗಾದರೆ ಒಟ್ಟು ಖರ್ಚು ಯಾವುದರಲ್ಲಿ ಕಡಿಮೆ ಅಂತ ಈಗಲೇ ಹೇಳಿ ಅಂದೆ. ಅವನು ಕಾಗದ ಮುಟ್ಟಲಿಲ್ಲ. ಬಡ್ಡಿ ಅನ್ನುವುದು ಹೋಟೆಲಿನ ಹೊರಗಿನ ಬೋರ್ಡು ಮೇಡಂ, ನೀವು ಬೋರ್ಡು ಹೋಲಿಸುತ್ತಾ ಕೂತಿದ್ದೀರಿ, ಬಿಲ್ಲು ಹೋಲಿಸಬೇಕು ಅಂದ. ಆಮೇಲೆ ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಶುರುಮಾಡಿದ: ಕಾಫಿ ಬ್ಯಾಂಕು, ಪ್ರೊಸೆಸಿಂಗ್ ಒಂದು, ವಕೀಲರು ಒಂದು, ಎಂಜಿನಿಯರ್ ಒಂದು, ಒತ್ತೆ ರಿಜಿಸ್ಟ್ರಿ ಒಂದು, ಇನ್ಶೂರೆನ್ಸ್ ಒಂದು, ಅದಕ್ಕೂ ಸಾಲ, ಆ ಸಾಲಕ್ಕೂ ಇಪ್ಪತ್ತು ವರ್ಷ ಬಡ್ಡಿ, ಎರಡನೇ ವರ್ಷದಿಂದ ಬಡ್ಡಿ ಏರುತ್ತದೆ, ಇಳಿಸಲು ಕೇಳಿದರೆ ಅದಕ್ಕೊಂದು ಫೀಸು. ಪ್ರತಿಯೊಂದಕ್ಕೂ ಮೊತ್ತ ಹೇಳುತ್ತಾ, ಕೂಡುತ್ತಾ ಹೋಗಿ ಒಟ್ಟು ಹೇಳಿದ. ಅದೇ ಉಸಿರಿನಲ್ಲಿ ಇನ್ನೆರಡಕ್ಕೂ ಹೇಳಿದ. ಬೋರ್ಡಿನಲ್ಲಿ ಬಡ್ಡಿ ಜಾಸ್ತಿ ಇದ್ದ ದಾರದ ಪೆನ್ನಿನ ಬ್ಯಾಂಕಿನ ಬಿಲ್ಲು ಎಲ್ಲಕ್ಕಿಂತ ಕಡಿಮೆ. ಮೂರು ವಾರದಲ್ಲಿ ನನಗೆ ಬಾರದ ಉತ್ತರ ಮೂರು ನಿಮಿಷದಲ್ಲಿ ಬಂತು, ಅದೂ ಸಾರಿನ ಅನ್ನ ಕಲಸುವ ಮೊದಲು.

ಇದನ್ನು ಎಲ್ಲಿ ಕಲಿತಿರಿ ಅಂತ ಕೇಳಿದೆ. ಎಲೆ ಇನ್ನೂ ಎದುರಿಗೇ ಇತ್ತಲ್ಲ, ಅವನು ಅದನ್ನೂ ಹೇಳಿದ. ಅವನು ಕರಾವಳಿಯವನೇ ಅಲ್ಲ. ಕನ್ನಡದವನೇ ಅಲ್ಲ. ಹುಟ್ಟಿದ್ದು ತಿರುವೊಟ್ಟಿಯೂರಿನಲ್ಲಿ, ಮನೆಯ ಮಾತು ತಮಿಳು. ಒಬ್ಬ ಉಡುಪಿ ಕಡೆಯ ಯಜಮಾನರ ಹೋಟೆಲಿನಲ್ಲಿ ಒಂಬತ್ತು ವರ್ಷ, ಆರು ವರ್ಷ ಸಪ್ಲೈಯರ್, ಮೂರು ವರ್ಷ ಗಲ್ಲಾ. ಟೇಬಲ್ಲು ಟೇಬಲ್ಲಿನ ಬಿಲ್ಲು ಬಾಯಲ್ಲೇ ಕೂಡಿ ಕೂಗುತ್ತಿದ್ದದ್ದು, ಕನ್ನಡವೂ ಅಲ್ಲಿಂದಲೇ ಬಂದದ್ದು. ಕನ್ನಡದವರ ಮನೆಯಲ್ಲಿ ಕನ್ನಡ ಮಾತಾಡಿದರೆ ಯಾರೂ ಫೀಸಿನ ಬಗ್ಗೆ ಎರಡನೇ ಸಲ ಕೇಳುವುದಿಲ್ಲ ಅನ್ನುವುದನ್ನು ಈ ಕೆಲಸಕ್ಕೆ ಬಂದ ಮೇಲೆ ಕಂಡುಕೊಂಡಿದ್ದನಂತೆ.

ನಮ್ಮ ಸಿದ್ಧಾಂತ ಅಲ್ಲೇ ಮಣ್ಣುಪಾಲಾಯಿತು. ನನ್ನ ಗಂಡ ನನ್ನ ಕಡೆ ನೋಡಿ ಮುಗುಳ್ನಕ್ಕರು. ಅವರಿಗೆ ಸಾರು ಬಡಿಸದೆ ಮುಂದೆ ಹೋದೆ.

“ಸುಳ್ಳು ಹೇಳಿ ಹೋಗಬಹುದಿತ್ತು ಅಮ್ಮ,” ಅಂದ ಅವನು. “ಒಂಬತ್ತು ವರ್ಷ ಊರಿಗೆಲ್ಲ ಬಡಿಸಿದೆ. ನನ್ನ ಎದುರು ನಿಂತು ಯಾರೂ ಬಡಿಸ್ಲಿಲ್ಲ. ನೀವು ಬಡಿಸಿದ್ರಿ. ಅದಕ್ಕೆ ಬಾಯಿ ಬರ್ಲಿಲ್ಲ.”

ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಆದರೆ ಲೆಕ್ಕ ಬಿಡಲಿಲ್ಲ. ಕಾಫಿ ಬ್ಯಾಂಕಿನಲ್ಲಿ ಮಾಡಿಸಿದ್ದರೆ ನಿನಗೆ ಎಷ್ಟು ಬರುತ್ತಿತ್ತು ಅಂತ ಕೇಳಿದಳು. ಅವನು ಹೇಳಿದ. ನಾವು ಅಲ್ಲಿ ತಗೋಳೋದಿಲ್ಲ, ಅದು ನಿನಗೆ ನಷ್ಟ, ಆ ಋಣ ನನ್ನ ತಲೆ ಮೇಲೆ ಬೇಡ ಅಂದಳು. ದುಡ್ಡು ಕೊಡಲು ನಮ್ಮ ಹತ್ತಿರ ಇರಲಿಲ್ಲ, ಅವನೂ ಮುಟ್ಟುತ್ತಿರಲಿಲ್ಲ. ಪ್ರತಿ ಭಾನುವಾರ ಒಂದು ಊಟ, ಬ್ಯಾಂಕಿನ ಸಾಲ ತೀರುವವರೆಗೆ, ಇಪ್ಪತ್ತು ವರ್ಷ, ಅಂತ ತೀರ್ಮಾನಿಸಿದಳು. ಅವನು ನಕ್ಕು, ಇಪ್ಪತ್ತು ವರ್ಷವಾ ಅಮ್ಮ ಅಂದ. ಅವಳ ವಯಸ್ಸು ಅವನ ಮನಸ್ಸಿನಲ್ಲಿತ್ತು ಅಂತ ಕಾಣುತ್ತದೆ.

“ನಡುವೆ ನಾನು ಹೋದ್ರೆ ಇವಳು ಕಟ್ತಾಳೆ,” ಅಂತ ಅಮ್ಮ ನನ್ನ ಕಡೆ ಕೈ ತೋರಿಸಿದಳು. “ಇವಳು ಕೋ-ಅಪ್ಲಿಕಂಟು.”

ಕಾಫಿ ಬ್ಯಾಂಕಿಗೆ ಕಟ್ಟಿದ ಫೀಸುಗಳು ವಾಪಸು ಬರುವುದಿಲ್ಲ ಅಂದ ಏಜೆಂಟ್. ಕುಡಿದ ಕಾಫಿಯ ದುಡ್ಡು ಅಂದುಕೊಂಡು ಬಿಡು ಅಂದಳು ಅಮ್ಮ. ನಾವು ಮೂವರೂ ಸೇರಿ ಕುಡಿದದ್ದು ಎರಡು ಲೋಟ. ಅಷ್ಟು ದುಬಾರಿ ಕಾಫಿ ನಾನು ಅದಕ್ಕೂ ಮೊದಲು ಕುಡಿದಿಲ್ಲ, ಆಮೇಲೂ ಕುಡಿದಿಲ್ಲ.

ದಾರದ ಪೆನ್ನಿನ ಬ್ಯಾಂಕಿಗೆ ನೇರವಾಗಿ ಹೋದೆವು. ಅಲ್ಲಿಯ ಅಧಿಕಾರಿ ಕಾಫಿ ಬೇಕಾ ಅಂತ ಕೇಳಲಿಲ್ಲ, ನಗಲೂ ಇಲ್ಲ, ಕಾಗದ ಮಾತ್ರ ಒಂದೊಂದಾಗಿ ಓದಿದರು. ಕಡತದ ನಡುವೆ ನನ್ನ ಅಫಿಡವಿಟ್ಟು ಹೇಗೋ ಸೇರಿಕೊಂಡಿತ್ತು. ಸದರಿ ಭಾವಚಿತ್ರಕ್ಕೆ ಆದಾಯ ಇಲ್ಲ ಅನ್ನುವುದನ್ನು ಅವರು ಎರಡು ಸಲ ಓದಿ, ಅದಕ್ಕೂ ಒಂದು ಸೀಲು ಹೊಡೆದು ಒಳಗಿಟ್ಟರು. ಸಹಿ ಮಾಡುವ ದಿನ ದಾರ ಗಿಡ್ಡವಾಗಿ, ನನ್ನ ಗಂಡ ಐವತ್ತಕ್ಕೂ ಹೆಚ್ಚು ಪುಟಗಳಿಗೆ ಕೌಂಟರಿನ ಮೇಲೆ ಬಗ್ಗಿ ಸಹಿ ಹಾಕಿ, ಎರಡು ದಿನ ಸೊಂಟ ಹಿಡಿದುಕೊಂಡು ತಿರುವೊಟ್ಟಿಯೂರಿಗೆ ಹೋಗಿಬಂದರು. ನಾನು ಮನೆಯಿಂದ ಪೆನ್ನು ತಂದಿದ್ದೆ. ಅವರಿಗೆ ಕೊಡಲು ಮರೆತೆ ಅಂತ ಹೇಳಿದ್ದೇನೆ.

ಅರವತ್ತಕ್ಕೆ ಎರಡು ದಿನ ಉಳಿದಿರುವಾಗ ಹಣ ಬಿಡುಗಡೆಯಾಯಿತು.

ಹೊಸ ಮನೆಯಲ್ಲಿ ಹಾಲುಕ್ಕಿಸಿದ ದಿನ, ಪುರೋಹಿತರು ಹೊರಗೆ ಕಾಲಿಡುವುದನ್ನೇ ಕಾದಿದ್ದವಳ ಹಾಗೆ ಅಮ್ಮ ಚೀಲದಿಂದ ಸುತ್ತಿಗೆ ತೆಗೆದಳು. ಆ ಸುತ್ತಿಗೆ ಅಪ್ಪನದು. ಹದಿನಾಲ್ಕು ಮನೆ ಸುತ್ತಿ ಬಂದಿತ್ತು, ತೆಂಗಿನಕಾಯಿ ಬಿಟ್ಟು ಬೇರೇನನ್ನೂ ಒಡೆದಿರಲಿಲ್ಲ. ನಡುಮನೆಯ ಪೂರ್ವದ ಗೋಡೆಗೆ ಅರಿಸಿನ ಕುಂಕುಮ ಇಟ್ಟು ಮೊಳೆ ಹಿಡಿದು ಹೊಡೆದಳು. ಮೊಳೆ ಬಾಗಿತು. ಇನ್ನೊಂದು ತೆಗೆದಳು, ಅದೂ ಬಾಗಿತು. ನನ್ನ ಗಂಡ ಹೊಡೆದರು, ಮೊಳೆ ಹಾರಿ ಪಾಯಸದ ಪಾತ್ರೆಗೆ ಬಿತ್ತು. ಕೆಳಗಿನಿಂದ ಎಲೆಕ್ಟ್ರೀಷಿಯನ್ ಬಂದು ಗೋಡೆಗೆ ಬೆರಳಿನಿಂದ ತಟ್ಟಿ, ಇದು ಇಟ್ಟಿಗೆ ಅಲ್ಲ, ಅಚ್ಚಿನಲ್ಲಿ ಸುರಿದ ಕಾಂಕ್ರೀಟು, ಇಡೀ ಬಿಲ್ಡಿಂಗಿನಲ್ಲಿ ಒಂದು ಗೋಡೆಗೂ ಮೊಳೆ ಇಳಿಯುವುದಿಲ್ಲ ಅಂದ.

ಇಪ್ಪತ್ತು ವರ್ಷದ ಸಾಲ, ಬಳೆ, ಪಿಎಫ್ ದುಡ್ಡು, ಅಫಿಡವಿಟ್ಟು, ಸೊಂಟನೋವು, ಇಷ್ಟೆಲ್ಲ ಆಗಿ ನಾವು ಕೊಂಡದ್ದು ಊರಿನಲ್ಲೆಲ್ಲೂ ಇಲ್ಲದ, ಮೊಳೆಯೇ ಇಳಿಯದ ಒಂದು ಗೋಡೆ. ನಾನು ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ವಾಪಸು ಬಂದು ನೋಡಿದರೆ ಅಮ್ಮ ಬಾಗಿದ ಮೊಳೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತಿದ್ದಳು. ಅಪ್ಪ ಹೊಸ ಮನೆಯಲ್ಲೂ ಅದೇ ಹಳೆಯ ಕುರ್ಚಿಯ ಮೇಲೆ ಕೂತಿದ್ದರು.

ಭಾನುವಾರ ಏಜೆಂಟ್ ಊಟಕ್ಕೆ ಬಂದ, ಮೊದಲ ಕಂತು. ಅಪ್ಪನನ್ನು ಇನ್ನೂ ಕುರ್ಚಿಯಲ್ಲಿ ಕಂಡು ಬಾಗಿಲಲ್ಲೇ ನಿಂತ. ನಾನು ಸಂಗತಿ ಹೇಳಿದೆ. ಊಟಕ್ಕೆ ಕೂರದೆ ಹಾಗೇ ಇಳಿದು ಹೋದವನು ಅರ್ಧ ಗಂಟೆಯಲ್ಲಿ ಹಳೆಯ ಹೋಟೆಲಿನಿಂದ ಡ್ರಿಲ್ಲು ಮೆಷಿನ್ನು ಎರವಲು ತಂದ. ಗೋಡೆಗೆ ಮೆಷಿನ್ನು ಹಿಡಿದು ತಿರುಗಿ, ಅಮ್ಮನನ್ನು ಸ್ವಲ್ಪ ರೇಗಿಸುವ ಧಾಟಿಯಲ್ಲಿ, ಸಾಲ ತೀರುವವರೆಗೆ ಈ ಗೋಡೆ ಬ್ಯಾಂಕಿನದ್ದು ಅಮ್ಮ, ಕೊರೀಬಹುದಾ ಅಂತ ಕೇಳಿದ. ಅಮ್ಮ ಮುಂದೆ ಬಂದು ಅವನ ಕೈಯ ಮೇಲೆ ತನ್ನ ಕೈ ಇಟ್ಟಳು, ಇಬ್ಬರೂ ಸೇರಿ ಒತ್ತಿದರು. ಇಡೀ ಬಿಲ್ಡಿಂಗನ್ನೇ ಕೊರೆಯುತ್ತಿರುವಂಥ ಸದ್ದಾಯಿತು. ಅವಳ ಕೂದಲಿನ ತುಂಬ ಸಿಮೆಂಟಿನ ಪುಡಿ.

ಸದ್ದು ನಿಂತ ಮೇಲೆ ಅಮ್ಮ ಕಿರುಬೆರಳಿನ ತುದಿಯನ್ನು ಆ ತೂತಿನೊಳಗೆ ಇಟ್ಟು ನೋಡಿದಳು.

“ಗೋಡೆ ಅವರದೇ ಇರಲಿ,” ಅಂದಳು. “ತೂತು ನಮ್ದು.”

ಅಪ್ಪ ಗೋಡೆಗೆ ಹೋದರು. ಏಜೆಂಟ್ ಕೈ ತೊಳೆದುಕೊಂಡು ಬಂದು ಅಭ್ಯಾಸಬಲದಿಂದ ಅಪ್ಪನ ಕುರ್ಚಿಯ ಕಡೆ ಹೋದ. ಅಮ್ಮ ಅವನನ್ನು ತಡೆದು ನನ್ನ ಕುರ್ಚಿಯಲ್ಲಿ ಕೂರಿಸಿದಳು. ಅಪ್ಪನ ಕುರ್ಚಿಯನ್ನು ಸೆರಗಿನಿಂದ ಒರೆಸಿ, ಗೋಡೆಯ ಕಡೆ ಒಂದು ಸಲ ನೋಡಿ, ತಾನೇ ಕೂತಳು. ಬಡಿಸು ಅಂತ ನನಗೆ ಹೇಳಿದಳು. ನಾನು ಅವಳ ಎಲೆಗೆ ಮೊದಲು ಉಪ್ಪು ಹಾಕಿದೆ.